ಕವರ್ ಬಿಚ್ಚುವ ಮೊದಲೇ ಹೇಳಿದ ಗೀಸರ್ ರೇಟು

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಬೋರ್‌ವೆಲ್ ನೀರು. ಆರು ವರ್ಷದ ಹಿಂದೆ ಹಾಕಿಸಿದ 25 ಲೀಟರ್ ಗೀಸರ್ ವಾರದಿಂದ ನೀರು ಕಾಯಿಸುತ್ತಿಲ್ಲ. ಕೆಳಗಿನಿಂದ ಹನಿ ಹನಿ ನೀರೂ ಬೀಳುತ್ತಿದೆ. ಒಬ್ಬ ಪ್ಲಂಬರ್ ಕೆಳಗೆ ನಿಂತು ತಲೆಯೆತ್ತಿ ನೋಡಿ, "ಟ್ಯಾಂಕ್ ಹೋಗಿದೆ ಸಾರ್, ಹೊಸದು ಹಾಕಿಸಿ, ಎಲ್ಲ ಸೇರಿ 13,000" ಅಂದರು. ಇನ್ನೊಬ್ಬರು ಫೋನಿನಲ್ಲೇ "ಕಾಯಿಲ್, ಥರ್ಮೋಸ್ಟಾಟ್, ಕೆಮಿಕಲ್ ಸರ್ವಿಸ್ ಸೇರಿ 4,200" ಅಂದರು. ಯಾವುದು ನ್ಯಾಯವಾದ ರೇಟು?

ಉತ್ತರ: ಮೊದಲು ಗೀಸರಿನ ಎಂಸಿಬಿ (ಆ ಲೈನಿನ ಕರೆಂಟು ಕಡಿಯುವ ಸ್ವಿಚ್) ಆಫ್ ಮಾಡಿ, ಪ್ಲಗ್ ತೆಗೆದಿಡಿ. ನೀರು ಸೋರುತ್ತಿರುವ ಗೀಸರಿಗೆ ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡುವುದು ಬೇಡ. ನಲ್ಲಿ ಮುಟ್ಟಿದಾಗ ಜುಮ್ ಎಂದಿದ್ದರಂತೂ ರಿಪೇರಿಯ ಜೊತೆಗೆ ಮನೆಯ ಅರ್ಥಿಂಗನ್ನೂ ನೋಡಿಸಲೇಬೇಕು.

ರೇಟಿನ ವಿಷಯಕ್ಕೆ ಬಂದರೆ, ಈ ಎರಡು ಮೊತ್ತಗಳಲ್ಲಿ ಯಾವುದು ಸರಿ ಎಂದು ನಿಮಗಷ್ಟೇ ಅಲ್ಲ, ಹೇಳಿದ ಆ ಇಬ್ಬರಿಗೂ ಗೊತ್ತಿಲ್ಲ. ಗೀಸರಿನ ಕೆಳಗಿನ ಕವರನ್ನು ಇಬ್ಬರೂ ಬಿಚ್ಚಿಲ್ಲವಲ್ಲ. ಆ ಕವರಿನ ಹಿಂದೆ ನೂರು ರೂಪಾಯಿಯ ರಬ್ಬರ್ ಗ್ಯಾಸ್ಕೆಟ್ ಹೋಗಿರಬಹುದು, ಟ್ಯಾಂಕೇ ತೂತಾಗಿರಬಹುದು. ಎರಡರಲ್ಲೂ ಹೊರಗೆ ಕಾಣುವುದು ಒಂದೇ ಥರ ಹನಿ. ಆದ್ದರಿಂದ ನೀವು ಮೊದಲು ಕೊಳ್ಳಬೇಕಾದದ್ದು ರಿಪೇರಿಯನ್ನಲ್ಲ, ಪತ್ತೆಯನ್ನು. ವಿಸಿಟಿಂಗ್ ಚಾರ್ಜ್ ಕೊಟ್ಟು ಕವರ್ ಬಿಚ್ಚಿಸಿ, ಏನಾಗಿದೆ ಎಂದು ಕಣ್ಣಾರೆ ನೋಡಿದ ಮೇಲೆ ರೇಟು ಕೇಳಿ. ಚೌಕಾಸಿಗೆ ಅರ್ಥ ಬರುವುದು ಆಗಲೇ.

ಆದರೆ ಅದಕ್ಕೂ ಮೊದಲು ವಾರಂಟಿ ಕಾರ್ಡ್ ಹುಡುಕಿ. ಅನೇಕ ಕಂಪನಿಗಳು ಇಡೀ ಗೀಸರಿಗೆ ಎರಡು ವರ್ಷ ಕೊಟ್ಟರೂ ಒಳಟ್ಯಾಂಕಿಗೆ ಬೇರೆಯಾಗಿ ಐದು ಅಥವಾ ಏಳು ವರ್ಷ ಕೊಟ್ಟಿರುತ್ತವೆ. ನಿಮ್ಮದು ಆರು ವರ್ಷದ್ದು. ಟ್ಯಾಂಕ್ ನಿಜವಾಗಿಯೂ ಸೋರಿದ್ದು, ಕಾರ್ಡಿನಲ್ಲಿ ಏಳು ವರ್ಷ ಎಂದಿದ್ದರೆ, ಹೊಸ ಗೀಸರಿಗೆ ದುಡ್ಡು ಸುರಿಯುವುದೇ ದಂಡ. ಕಾರ್ಡ್ ಕಳೆದಿದ್ದರೆ ಆನ್‌ಲೈನ್ ಆರ್ಡರಿನ ಹಳೆಯ ಬಿಲ್ಲು ಹುಡುಕಿ. ಗೀಸರಿನ ಮೈಮೇಲಿನ ಲೇಬಲ್ಲಿನ ಸೀರಿಯಲ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ವಾರಂಟಿ ಇದ್ದರೆ ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಕವರ್ ಬಿಚ್ಚಿಸಬೇಡಿ, ಅದನ್ನೇ ನೆಪ ಮಾಡಿ ಕ್ಲೇಮ್ ತಳ್ಳಿಹಾಕಬಹುದು. ಗಡಸು ನೀರಿಗೆ ವಾರಂಟಿ ಇಲ್ಲ ಎಂಬ ಷರತ್ತೂ ಕೆಲವು ಕಾರ್ಡುಗಳಲ್ಲಿ ಇರುತ್ತದೆ. ಆ ಕಾರಣ ಹೇಳಿ ನಿರಾಕರಿಸಿದರೆ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಆ ಕಾಗದ ಬೇಕಾಗುತ್ತದೆ.

ಕಂಪನಿಯ ಸರ್ವಿಸ್ ನಂಬರನ್ನು ಕಾರ್ಡಿನಿಂದ ಅಥವಾ ಗೀಸರಿನ ಲೇಬಲ್ಲಿನಿಂದಲೇ ತೆಗೆದುಕೊಳ್ಳಿ. ಗೂಗಲಿನಲ್ಲಿ ಹುಡುಕಿದಾಗ ಮೊದಲು ಸಿಗುವ 'ಕಸ್ಟಮರ್ ಕೇರ್' ನಂಬರುಗಳಲ್ಲಿ ಮೋಸದವೂ ಸೇರಿಕೊಂಡಿವೆ. ಬುಕಿಂಗ್‌ಗೆ ಹತ್ತು ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ, ಲಿಂಕ್ ಒತ್ತಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಈಗ ಹನಿಯ ಮೂಲ. ಇದನ್ನು ಮುಕ್ಕಾಲುಪಾಲು ನೀವೇ ಕಂಡುಹಿಡಿಯಬಹುದು. ಪ್ಲಗ್ ತೆಗೆದಿದೆ ಎಂದು ಖಾತ್ರಿ ಮಾಡಿಕೊಂಡು ಗೀಸರಿನ ಕೆಳಭಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ತಣ್ಣೀರು ಒಳಗೆ ಹೋಗುವ ಮತ್ತು ಬಿಸಿನೀರು ಹೊರಗೆ ಬರುವ ಎರಡು ಪೈಪುಗಳ ನಟ್‌ಗೆ ಟಿಶ್ಯೂ ಪೇಪರ್ ಸುತ್ತಿ. ತಣ್ಣೀರಿನ ಕಡೆ ಕೂರಿಸಿರುವ ಸೇಫ್ಟಿ ವಾಲ್ವಿನ ಬಾಯಿಗೂ ಒಂದು ಚೂರು ಹಿಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ನಟ್ ಹತ್ತಿರದ ಪೇಪರ್ ನೆಂದಿದ್ದರೆ ಅದು ಪೈಪಿನ ವಾಷರ್ರೋ ಪೈಪೋ ಹಳತಾದದ್ದು, ಪ್ಲಂಬರ್ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ. ಮೂರೂ ಒಣಗಿದ್ದು, ಕವರಿನ ಅಂಚಿನಿಂದಲೋ ವೈರ್ ಹೋಗುವ ತೂತಿನಿಂದಲೋ ನೀರು ಬರುತ್ತಿದ್ದರೆ ತೊಂದರೆ ಒಳಗಿದೆ.

ಸೇಫ್ಟಿ ವಾಲ್ವಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಇದರ ಹೆಸರಲ್ಲಿ ಸುಮ್ಮಸುಮ್ಮನೆ ದುಡ್ಡು ಕಳೆದುಕೊಳ್ಳುವವರು ಬಹಳ. ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 350 ಮಿಲಿಲೀಟರ್ ಹೆಚ್ಚಾಗುತ್ತದೆ. ವಾಲ್ವ್ ಅದನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ, ಆದ್ದರಿಂದ ಕಾಯುವ ಹೊತ್ತಿನಲ್ಲಿ ಅದರ ಬಾಯಿಂದ ಹನಿ ಬೀಳುವುದು ಸಹಜ. ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ಆ ಬಾಯನ್ನು ಎಂಸೀಲ್ ಹಾಕಿ ಮುಚ್ಚುವವರನ್ನು ಮನೆಯೊಳಗೆ ಬಿಡಬೇಡಿ. ಆದರೆ ನಿಮ್ಮ ಗೀಸರ್ ಕಾಯುತ್ತಲೇ ಇಲ್ಲ, ಆದರೂ ಹನಿಯುತ್ತಿದೆ. ಅಂದರೆ ಇದು ಹಿಗ್ಗಿದ ನೀರಲ್ಲ. ವಾಲ್ವಿನಿಂದಲೇ ಬರುತ್ತಿದ್ದರೆ ಅದರ ಸೀಟಿನಲ್ಲಿ ಕಸವೋ ಸುಣ್ಣವೋ ಕೂತಿರಬೇಕು, ಇಲ್ಲವೇ ಕಟ್ಟಡದ ಪ್ರೆಷರ್ ಪಂಪಿನ ಒತ್ತಡ ಮಿತಿ ಮೀರಿರಬೇಕು.

ಕವರಿನೊಳಗಿಂದ ಬರುತ್ತಿದ್ದರೆ ಎರಡು ಸಾಧ್ಯತೆ. ನೀರು ಕಾಯಿಸುವ ಕಾಯಿಲ್ ಕೂರಿಸಿದ ಗುಂಡನೆಯ ಪ್ಲೇಟಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಬಿಸಿಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಬೋಲ್ಟುಗಳ ಸುತ್ತ ಜಿನುಗುತ್ತದೆ. ಜಿನುಗಿದ ನೀರು ಇಳಿಯುವುದು ನೇರ ಕಾಯಿಲಿನ ಟರ್ಮಿನಲ್ (ವೈರ್ ಸೇರಿಸುವ ತುದಿ) ಮತ್ತು ನೀರು ಸಾಕಷ್ಟು ಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟಿನ ಮೇಲೆ. ಟರ್ಮಿನಲ್ ತುಕ್ಕು ಹಿಡಿದು ಸುಡುತ್ತದೆ, ನೀರು ಕಾಯುವುದು ನಿಲ್ಲುತ್ತದೆ. ನಿಮ್ಮ ಎರಡು ತೊಂದರೆಗೂ ಮೂಲ ಇದೊಂದೇ ಆಗಿರುವ ಸಂಭವ ಸಾಕಷ್ಟಿದೆ. ಇನ್ನೊಂದು ಸಾಧ್ಯತೆ ಟ್ಯಾಂಕಿನ ಬೆಸುಗೆಯೇ ತುಕ್ಕು ಹಿಡಿದು ತೂತಾಗಿರುವುದು. ಆಗ ಗ್ಯಾಸ್ಕೆಟ್ ಸುತ್ತ ಒಣಗಿದ್ದು, ಇನ್ಸುಲೇಷನ್ ಫೋಮ್ ನೆಂದು, ಅದರೊಳಗಿಂದ ಕಂದು ನೀರು ಇಳಿಯುತ್ತಿರುತ್ತದೆ. ಇದಕ್ಕೆ ರಿಪೇರಿ ಇಲ್ಲ. ವೆಲ್ಡಿಂಗ್ ಮಾಡಿಸುತ್ತೇನೆ ಅಂದರೆ ಬೇಡವೆನ್ನಿ. ಗಾಜಿನ ಲೇಪದ ಟ್ಯಾಂಕಿಗೆ ಹೊರಗಿನಿಂದ ಬೆಂಕಿ ತಾಗಿದರೆ ಒಳಲೇಪ ಸಿಡಿಯುತ್ತದೆ, ಕೆಲವೇ ದಿನಕ್ಕೆ ಪಕ್ಕದಲ್ಲಿ ಇನ್ನೊಂದು ತೂತು.

ಕೆಲಸ ಯಾರದು ಎಂಬುದೂ ಈಗ ಸ್ಪಷ್ಟವಾಗುತ್ತದೆ. ಪೈಪು, ವಾಲ್ವು, ಆಂಗಲ್ ಕಾಕ್ (ಗೋಡೆಯಿಂದ ಬರುವ ನೀರನ್ನು ನಿಲ್ಲಿಸುವ ಪುಟ್ಟ ನಲ್ಲಿ), ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವುದು ಪ್ಲಂಬರ್ ಕೆಲಸ. ಕವರಿನ ಒಳಗಿನದೆಲ್ಲ ಗೀಸರ್ ಮೆಕ್ಯಾನಿಕ್ ಅಥವಾ ಕಂಪನಿಯವರ ಕೆಲಸ. ಪ್ಲಂಬರ್‌ನನ್ನು ಕರೆಸಿ ಗೀಸರ್ ಏನಾಗಿದೆ ಎಂದು ಕೇಳಿದರೆ ಅವನಿಗೆ ಗೊತ್ತಿರುವ ಪರಿಹಾರ ಒಂದೇ, ಹೊಸದು. ಅದು ಮೋಸವೇ ಇರಬೇಕೆಂದಿಲ್ಲ, ಕರೆಂಟಿನ ದೋಷ ಅಳೆದು ನೋಡುವ ಮಲ್ಟಿಮೀಟರ್ ಅವನ ಚೀಲದಲ್ಲಿ ಇರುವುದಿಲ್ಲ ಅಷ್ಟೇ.

ಮೆಕ್ಯಾನಿಕ್ ಬಂದಾಗ ಮೂರು ಪರೀಕ್ಷೆಗಳನ್ನು ನಿಮ್ಮೆದುರೇ ಮಾಡಿಸಿ, ಮೀಟರ್ ತೋರಿಸಿದ ಅಂಕಿಯ ಫೋಟೊ ತೆಗೆಯಿರಿ. ಮೊದಲನೆಯದು ಕಾಯಿಲ್. ಮನೆಗಳ ಸ್ಟೋರೇಜ್ ಗೀಸರುಗಳಲ್ಲಿ ಸಾಮಾನ್ಯವಾಗಿ 2,000 ವಾಟ್ ಕಾಯಿಲ್ ಇರುತ್ತದೆ. ವೈರ್ ಬಿಡಿಸಿ ಅದರ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿದರೆ ಸುಮಾರು 26 ಓಮ್ ತೋರಿಸಬೇಕು. 24ರಿಂದ 28ರೊಳಗೆ ಇದ್ದರೆ ಕಾಯಿಲ್ ಸುಟ್ಟಿಲ್ಲ. ಏನೂ ತೋರಿಸದಿದ್ದರೆ ತುಂಡಾಗಿದೆ. ಎರಡನೆಯದು ಕರೆಂಟಿನ ಲೀಕೇಜ್: ಒಂದು ತುದಿ ಟರ್ಮಿನಲ್‌ಗೆ, ಇನ್ನೊಂದು ಟ್ಯಾಂಕಿನ ಲೋಹಕ್ಕೆ. ಇಲ್ಲಿ ಮೀಟರ್ ಏನೂ ತೋರಿಸಬಾರದು. ಅಂಕಿ ಬಂದರೆ ಕಾಯಿಲಿನ ಹೊದಿಕೆ ಸೀಳಿದೆ, ಕರೆಂಟು ನೀರಿಗೆ ಇಳಿಯುತ್ತಿದೆ ಎಂದರ್ಥ. ಗೀಸರ್ ಹಾಕಿದೊಡನೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳುವ ಮನೆಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಇದೇ. ಮೂರನೆಯದು ಥರ್ಮೋಸ್ಟಾಟ್ ಮತ್ತು ಕಟೌಟ್. ನೀರು ತಣ್ಣಗಿರುವಾಗ ಎರಡರಲ್ಲೂ ಕರೆಂಟು ಹಾಯುವಂತಿರಬೇಕು, ಮೀಟರ್ ಬೀಪ್ ಎನ್ನಬೇಕು.

ಕಟೌಟ್ ಎಂದರೆ ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿಮೀರಿ ಕಾದಾಗ ಕರೆಂಟು ಕಡಿಯುವ ಕಾವಲುಗಾರ. ಕೆಲವು ಮಾದರಿಗಳಲ್ಲಿ ಅದಕ್ಕೆ ಪುಟ್ಟ ರೀಸೆಟ್ ಗುಂಡಿ ಇರುತ್ತದೆ, ಒತ್ತಿದರೆ ಗೀಸರ್ ಮತ್ತೆ ಶುರು. ಒಂದು ಪಾರ್ಟೂ ಹಾಕದೆ, ಗುಂಡಿ ಒತ್ತಿ, ಕಾಯಿಲಿನ ದುಡ್ಡು ಪಡೆದು ಹೋಗುವ ಕೈಚಳಕ ನಡೆಯುವುದು ಇಲ್ಲೇ. ಇನ್ನೊಂದು ಚಾಳಿ ಇದಕ್ಕಿಂತ ಕೆಟ್ಟದ್ದು: "ಕಟೌಟ್ ಡೈರೆಕ್ಟ್ ಮಾಡಿದ್ದೀನಿ ಸಾರ್, ಇನ್ನು ತೊಂದರೆ ಬರಲ್ಲ" ಎನ್ನುವುದು. ಆ ಎರಡು ವೈರನ್ನು ನೇರ ಸೇರಿಸಿಬಿಟ್ಟರೆ ಮುಂದೆ ಥರ್ಮೋಸ್ಟಾಟ್ ಅಂಟಿಕೊಂಡ ದಿನ ನೀರು ಕುದಿಯುತ್ತಲೇ ಹೋಗುತ್ತದೆ. ಸೇಫ್ಟಿ ವಾಲ್ವೂ ಸುಣ್ಣ ಕಟ್ಟಿದ್ದರೆ ಟ್ಯಾಂಕ್ ಸಿಡಿಯಬಹುದು. ಕಡಿಮೆ ರೇಟು ಹೇಳಿದವರನ್ನು "ಕಟೌಟ್ ಹೊಸದು ಹಾಕುತ್ತೀರಾ, ಡೈರೆಕ್ಟಾ?" ಎಂದು ಕೇಳಲು ಮರೆಯಬೇಡಿ.

ಸೋರದ ಗೀಸರ್ ಇರುವವರಿಗೆ ಒಂದು ಸುಲಭದ ಉಪಾಯ. ಒಬ್ಬರು ಮೇಲೆ ಗೀಸರ್ ಆನ್ ಮಾಡಲಿ, ಇನ್ನೊಬ್ಬರು ಕೆಳಗೆ ನಿಮ್ಮ ಮನೆಯ ಕರೆಂಟ್ ಮೀಟರಿನ ಕೆಂಪು ದೀಪ ನೋಡಲಿ. ಮಿಣುಕುವ ವೇಗ ಥಟ್ಟನೆ ಏರಿದರೆ ಕಾಯಿಲಿಗೆ ಕರೆಂಟು ಹೋಗುತ್ತಿದೆ. ಏರದಿದ್ದರೆ ಮೊದಲು 16 ಆ್ಯಂಪಿನ ಪ್ಲಗ್ಗು, ಸಾಕೆಟ್ಟು ನೋಡಿ. ಕಂದುಬಣ್ಣಕ್ಕೆ ತಿರುಗಿದ, ಸುಟ್ಟ ವಾಸನೆಯ ಸಾಕೆಟ್ಟಿನಿಂದಾಗಿ ನಿಂತ ಗೀಸರುಗಳಿಗೆ ಲೆಕ್ಕವಿಲ್ಲ. ಅದಕ್ಕೆ ಬೇಕಾದದ್ದು ಎಲೆಕ್ಟ್ರಿಷಿಯನ್ ಮಾತ್ರ.

ಈಗ ಆ 4,200ನ್ನು ಬಿಡಿಸಿ ನೋಡೋಣ. ಕಂಪನಿ, ಅಂಗಡಿ, ಬಡಾವಣೆ ನೋಡಿ ಏರಿಳಿತ ಇದ್ದೇ ಇರುತ್ತದೆ. ಮಾತಿಗೆ ಕೂರುವಾಗ ಒಂದು ಅಂದಾಜು ಇರಲಿ ಎಂದು ಈ ಅಂಕಿಗಳು. 2,000 ವಾಟಿನ ಕಾಯಿಲ್ 400ರಿಂದ 900, ಥರ್ಮೋಸ್ಟಾಟ್ 200ರಿಂದ 500, ಕಟೌಟ್ 150ರಿಂದ 300, ಗ್ಯಾಸ್ಕೆಟ್ ನೂರರ ಆಸುಪಾಸು, ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ 150ರಿಂದ 400. ಟ್ಯಾಂಕ್ ಖಾಲಿ ಮಾಡಿ, ಸುಣ್ಣ ತೆಗೆದು, ಇವನ್ನು ಕೂರಿಸುವ ಕೂಲಿ 500ರಿಂದ 900. ಎಲ್ಲವೂ ಹೋಗಿದ್ದರೂ 3,000ದ ಸುತ್ತಮುತ್ತ ನಿಲ್ಲಬೇಕು. ಗ್ಯಾಸ್ಕೆಟ್ ಮತ್ತು ಥರ್ಮೋಸ್ಟಾಟ್ ಮಾತ್ರ ಆದರೆ 1,500 ದಾಟುವುದು ಕಷ್ಟ. ಹಾಗಾದರೆ 4,200 ಹೇಗಾಯಿತು? 'ಕೆಮಿಕಲ್ ಸರ್ವಿಸ್' ಎಂಬ ಪದವೇ ಉತ್ತರ. ಗಡಸು ನೀರಿನ ಗೀಸರಿನಲ್ಲಿ ಸುಣ್ಣ ತೆಗೆಯುವುದು ಬೇಕಾದ ಕೆಲಸವೇ, ಆದರೆ ಅದಕ್ಕೆ ಬೇಕಿರುವುದು ಟ್ಯಾಂಕಿನ ತಳದ ಚಕ್ಕೆಗಳನ್ನು ಕೈಯಿಂದ ಬಾಚಿ ತೆಗೆದು, ಕಾಯಿಲನ್ನು ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿಡುವುದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಗೆ ಸುರಿಯಲು ಬಿಡಬೇಡಿ, ಸುಣ್ಣದ ಜೊತೆ ಕಾಯಿಲಿನ ಹೊದಿಕೆಯನ್ನೂ ತಿನ್ನುತ್ತದೆ.

ಆನೋಡ್ ರಾಡ್ ಬಗ್ಗೆ ಮಾತ್ರ ಜಿಪುಣತನ ಬೇಡ. ಅದು ಮೆಗ್ನೀಷಿಯಂ ಸರಳು, ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ಅದು ಮುಗಿದ ದಿನದಿಂದ ನೀರು ಟ್ಯಾಂಕಿನ ಉಕ್ಕನ್ನು ತಿನ್ನತೊಡಗುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ನೋಡಿಸಬೇಕು. ಆರು ವರ್ಷ ಯಾರೂ ಬಿಚ್ಚಿಲ್ಲವೆಂದರೆ ನಿಮ್ಮದರಲ್ಲಿ ಬರೀ ತಂತಿಯಷ್ಟು ಉಳಿದಿರಬಹುದು. ರೇಟಿನ ಪಟ್ಟಿಯಲ್ಲಿ ಆನೋಡ್ ಹೆಸರನ್ನು ತಾನಾಗಿ ಸೇರಿಸಿದ ಮೆಕ್ಯಾನಿಕ್ ನೂರಿನ್ನೂರು ಹೆಚ್ಚು ಕೇಳಿದರೂ ಅವನಿಗೇ ಕೆಲಸ ಕೊಡಿ.

ರೇಟು ಕೇಳುವಾಗ ಒಬ್ಬೊಬ್ಬರಿಗೆ ಒಂದೊಂದು ಥರ ವಿವರಿಸಿದರೆ ಬರುವ ಅಂಕಿಗಳನ್ನು ಹೋಲಿಸಲು ಆಗುವುದಿಲ್ಲ. ಮೂವರು ಮೆಕ್ಯಾನಿಕ್‌ಗಳಿಗೂ ಒಂದೇ ವಾಟ್ಸಾಪ್ ಸಂದೇಶ ಕಳಿಸಿ, ಜೊತೆಗೆ ಲೇಬಲ್ ಮತ್ತು ಗೀಸರ್ ಇರುವ ಜಾಗದ ಫೋಟೊ ಇರಲಿ. ಇದೊಂದು ಮಾದರಿ, ಸೋರಿಕೆಯ ಮತ್ತು ಜಾಗದ ವಿವರವನ್ನು ನಿಮ್ಮಲ್ಲಿ ಇರುವಂತೆ ಬದಲಿಸಿಕೊಳ್ಳಿ:

"ನಮಸ್ಕಾರ. 25 ಲೀಟರ್ ಗೀಸರ್, 2 ಕಿಲೋವಾಟ್, 6 ವರ್ಷ ಹಳೆಯದು, ಬೋರ್ ನೀರು. ನೀರು ಕಾಯುತ್ತಿಲ್ಲ, ಕವರಿನ ಒಳಗಿಂದ ಸೋರುತ್ತಿದೆ, ಪೈಪ್ ಜಾಯಿಂಟ್ ಒಣಗಿದೆ. ಗೀಸರ್ ಬಾತ್‌ರೂಮಿನ ಫಾಲ್ಸ್ ಸೀಲಿಂಗ್ ಮೇಲಿದೆ. ಬಂದು ಕವರ್ ಬಿಚ್ಚಿ ಮೀಟರ್ ಹಿಡಿದು ನೋಡಲು ಎಷ್ಟು? ರಿಪೇರಿ ನಿಮ್ಮಲ್ಲೇ ಮಾಡಿಸಿದರೆ ಅದನ್ನು ಕಳೆಯುತ್ತೀರಾ? ಕೂಲಿ ಎಷ್ಟು? ಪಾರ್ಟ್ ಕಂಪನಿಯದಾ, ಲೋಕಲ್ಲಾ? ಕೆಲಸಕ್ಕೆ ಎಷ್ಟು ದಿನ ಗ್ಯಾರಂಟಿ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?"

ಜಾಗದ ವಿಷಯ ಮೊದಲೇ ಹೇಳುವುದು ನಿಮ್ಮ ಹಿತಕ್ಕೇ. ಫಾಲ್ಸ್ ಸೀಲಿಂಗಿನ ಮೇಲೆ ಕೈ ಆಡದ ಜಾಗವಿದ್ದರೆ ಗೀಸರ್ ಇಳಿಸಿಯೇ ಕೆಲಸ ಮಾಡಬೇಕು, ಇಬ್ಬರು ಬೇಕು. ತುಂಬಿದ ಗೀಸರ್ 35 ಕಿಲೋ ದಾಟುತ್ತದೆ. ಬಂದ ಮೇಲೆ ಜಾಗ ನೋಡಿ 'ಇದಕ್ಕೆ ಬೇರೆ' ಎಂದರೆ ಅದು ಅನ್ಯಾಯವಲ್ಲ, ನೀವು ಹೇಳದೆ ಉಳಿಸಿದ ಮಾತು. ಈ ಸಂದೇಶಕ್ಕೆ "ಬಂದು ನೋಡ್ತೀನಿ ಸಾರ್, ರೇಟಿಗೇನು ಬಿಡಿ" ಎಂದಷ್ಟೇ ಉತ್ತರಿಸುವವರು ಕೊನೆಗೆ ದುಬಾರಿ ಆಗುತ್ತಾರೆ.

ಬಿಲ್ಲಿನಲ್ಲಿ ಎರಡು ಕಡೆ ಕಣ್ಣಿಡಿ. ಪ್ಯಾಕ್ ಮಾಡಿದ ಪಾರ್ಟಿನ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಎಂಆರ್‌ಪಿ ಹಾಕಿ, ಅದರ ಮೇಲೆ ಮತ್ತೆ 18% ಜಿಎಸ್‌ಟಿ ಸೇರಿಸುವಂತಿಲ್ಲ. ಕೂಲಿಯ ಮೇಲೆ ಜಿಎಸ್‌ಟಿ ಹಾಕುವವರ ಬಿಲ್ಲಿನಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ್ದು 29ರಿಂದ ಶುರುವಾಗುತ್ತದೆ. ನಂಬರ್ ಇಲ್ಲದವರಿಗೆ ಆ ತೆರಿಗೆ ಕೇಳುವ ಹಕ್ಕಿಲ್ಲ. ತೆಗೆದ ಹಳೆಯ ಪಾರ್ಟುಗಳು ನಿಮ್ಮಲ್ಲೇ ಉಳಿಯಲಿ.

ಟ್ಯಾಂಕೇ ಹೋಗಿದೆ, ವಾರಂಟಿಯೂ ಇಲ್ಲ ಎಂದಾದರೆ ಆ 13,000ದ ಮಾತಿಗೆ ಬರೋಣ. ಮಾದರಿಯ ಹೆಸರಿಲ್ಲದ ಆ ಅಂಕಿಗೆ ಅರ್ಥವಿಲ್ಲ. ಒಳ್ಳೆಯ ಕಂಪನಿಯ ಐದು ಸ್ಟಾರ್ 25 ಲೀಟರ್ ಗೀಸರಿಗೆ, ಫಿಟ್ಟಿಂಗ್ ಎಲ್ಲ ಸೇರಿ ಆದರೆ ತೀರಾ ಹೆಚ್ಚಲ್ಲ. ಹೆಸರೇ ಕೇಳದ ಮಾಲಿಗಾದರೆ ಬಹಳ ಹೆಚ್ಚು. ಮಾದರಿ ಸಂಖ್ಯೆ ಬರೆಸಿಕೊಂಡು ಅದರ ಬೆಲೆಯನ್ನು ನೀವೇ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ನೋಡಿ. ಎಷ್ಟೋ ಸಲ ಗೀಸರನ್ನು ನೀವೇ ಕೊಂಡು ಕಂಪನಿಯವರಿಂದ ಕೂರಿಸುವುದು ಅಗ್ಗ. ಆದರೆ 'ಫ್ರೀ ಇನ್‌ಸ್ಟಲೇಷನ್' ಎಂದರೆ ಗೋಡೆಗೆ ತಗುಲಿಸುವುದಷ್ಟೇ ಎಂದಿಟ್ಟುಕೊಳ್ಳಿ. ಎರಡು ಕನೆಕ್ಷನ್ ಪೈಪು, ಹಳೆಯದನ್ನು ಇಳಿಸುವ ಕೂಲಿ, ಹೊಸ ತೂತು ಕೊರೆಯುವುದು, ಆಂಗಲ್ ಕಾಕ್ ಬದಲಿಸುವುದು ಬೇರೆ ಬೇರೆಯಾಗಿ ಬಿಲ್ಲಿಗೆ ಬರುತ್ತವೆ. ಸೇಫ್ಟಿ ವಾಲ್ವ್ ಸಾಮಾನ್ಯವಾಗಿ ಪೆಟ್ಟಿಗೆಯಲ್ಲೇ ಇರುತ್ತದೆ, ಅದಕ್ಕೆ ದುಡ್ಡು ಕೇಳಿದರೆ ಪೆಟ್ಟಿಗೆ ತೆಗೆಸಿ ನೋಡಿ. ಹಳೆಯ ಗೀಸರ್ ಗುಜರಿಗೆ ಹೋಗುವ ಮಾಲು, ಅದರ ಬೆಲೆ ಕಳೆಯಲು ಕೇಳಿ. ಎತ್ತರದ ಕಟ್ಟಡವಾದರೆ 8 ಬಾರ್ ಒತ್ತಡ ತಡೆಯುವ ಮಾದರಿಯನ್ನೇ ಆರಿಸಿ. ಮೇಲಿನ ತೊಟ್ಟಿಯಿಂದ ಪ್ರತಿ 10 ಮೀಟರ್ ಕೆಳಗೆ ಸುಮಾರು ಒಂದು ಬಾರ್ ಒತ್ತಡ ಏರುತ್ತದೆ, ಮೇಲಿನ ಮಹಡಿಗಿಂತ ಕೆಳಗಿನ ಮಹಡಿಯವರಿಗೇ ಇದು ಹೆಚ್ಚು ಬೇಕು. ಬೋರ್ ನೀರಿಗೆ ಗಾಜಿನ ಲೇಪದ ಟ್ಯಾಂಕ್, ಇನ್‌ಕಲಾಯ್ (ತುಕ್ಕು ತಡೆಯುವ ಮಿಶ್ರಲೋಹ) ಹೊದಿಕೆಯ ಕಾಯಿಲ್ ಇದ್ದರೆ ಒಳ್ಳೆಯದು.

ಕೆಲಸ ಮುಗಿಯಿತು ಎಂದೊಡನೆ ದುಡ್ಡು ಕೊಡಬೇಡಿ. ಮೊದಲು ಬಿಸಿನೀರಿನ ನಲ್ಲಿ ತೆರೆದು, ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮನೆ ಬರುವ ತನಕ ಕಾಯಿರಿ. ಟ್ಯಾಂಕ್ ತುಂಬುವ ಮೊದಲೇ ಸ್ವಿಚ್ ಹಾಕಿದರೆ ಹೊಸ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ, ಮತ್ತೆ ಅದೇ ಮೆಕ್ಯಾನಿಕ್ "ಪಾರ್ಟಿಗೆ ಗ್ಯಾರಂಟಿ ಇಲ್ಲ ಸಾರ್" ಎನ್ನುತ್ತಾನೆ. ಆಮೇಲೆ ಆನ್ ಮಾಡಿ ಗಡಿಯಾರ ನೋಡಿ. 25 ಲೀಟರ್ ನೀರು 2 ಕಿಲೋವಾಟಿನಲ್ಲಿ 25ರಿಂದ 60 ಡಿಗ್ರಿಗೆ ಬರಲು ಸುಮಾರು 31 ನಿಮಿಷ ಬೇಕು, ಚಳಿಗಾಲದ 20 ಡಿಗ್ರಿ ನೀರಾದರೆ 35. ಗೀಸರಿನ ದೀಪ ತಾನಾಗಿ ಆರಬೇಕು, ಅಂದರೆ ಥರ್ಮೋಸ್ಟಾಟ್ ಕರೆಂಟು ಕಡಿದಿದೆ. ಹತ್ತೇ ನಿಮಿಷಕ್ಕೆ ಆರಿ ನೀರು ಬೆಚ್ಚಗಷ್ಟೇ ಇದ್ದರೆ ಥರ್ಮೋಸ್ಟಾಟ್ ಸರಿಯಿಲ್ಲ ಅಥವಾ ಸೆಟ್ಟಿಂಗ್ ತಗ್ಗಿಸಿದೆ. ಮುಕ್ಕಾಲು ಗಂಟೆ ಕಳೆದರೂ ಆರದಿದ್ದರೆ ಸ್ವಿಚ್ ಆಫ್ ಮಾಡಿಸಿ ಮತ್ತೆ ಕವರ್ ಬಿಚ್ಚಿಸಿ. ಕಾದ ಗೀಸರಿನ ಗ್ಯಾಸ್ಕೆಟ್ ಸುತ್ತ ಟಾರ್ಚ್ ಹಿಡಿದು ನೋಡಿ, ಹನಿ ಇಲ್ಲವೆಂದಾದರೆ ಕವರ್ ಮುಚ್ಚಿಸಿ ಹಣ ಕೊಡಿ. ಆ ಅರ್ಧ ಗಂಟೆ ಮೆಕ್ಯಾನಿಕ್ ಸುಮ್ಮನೆ ಕಾಯಬೇಕಾಗುತ್ತದೆ, ಹಾಗಾಗಿ ಈ ಷರತ್ತನ್ನು ಫೋನಿನಲ್ಲೇ ಹೇಳಿಟ್ಟಿರಿ.